‘ಸ’ ಜಾಗ ಬಿಟ್ಟು ಹೋದಾಗ: ಕಛೇರಿ ಕಿವಿಯವರಿಗೆ ಪಾಶ್ಚಾತ್ಯ ಸಂಗೀತ

ಕರ್ನಾಟಕ ಸಂಗೀತ ಕೇಳಿ ಬೆಳೆದವರು ಮೊದಲ ಸಲ ಸಿಂಫನಿ, ಅಂದರೆ ದೊಡ್ಡ ವಾದ್ಯವೃಂದಕ್ಕೆ (ಆರ್ಕೆಸ್ಟ್ರಾಕ್ಕೆ) ಬರೆದ ರಚನೆ, ಕೇಳಿದಾಗ ತಬ್ಬಿಬ್ಬಾಗುವುದು ಸಹಜ. ಅರ್ಧ ಗಂಟೆ ನಡೆಯುತ್ತದೆ. ಸಾಹಿತ್ಯವಿಲ್ಲ. ಯಾರೂ ತೊಡೆ ತಟ್ಟಿ ತಾಳ ಹಾಕುವುದಿಲ್ಲ. ಇದು ಯಾವ ರಾಗದ ಛಾಯೆ ಅಂತ ಹಿಡಿಯುವಷ್ಟರಲ್ಲಿ ಅದು ಕೈತಪ್ಪಿ ಹೋಗಿರುತ್ತದೆ. ನಡುವೆ ಒಮ್ಮೆ ಎಲ್ಲ ನಿಲ್ಲುತ್ತದೆ. ಮುಗೀತು ಅಂತ ಚಪ್ಪಾಳೆಗೆ ಕೈ ಎತ್ತಿದರೆ ಪಕ್ಕದವರು ದುರುಗುಟ್ಟಿ ನೋಡುತ್ತಾರೆ. ‘ಕೇಳೋಕೆ ಚೆನ್ನಾಗಿದೆ, ಆದ್ರೆ ಏನ್ ನಡೀತಿದೆ ಅಂತಲೇ ಗೊತ್ತಾಗಲ್ಲ’ ಎನ್ನುವ ದೂರು ಹುಟ್ಟುವುದು ಇಲ್ಲಿಂದಲೇ.

ಇದಕ್ಕೆ ಪಠ್ಯಪುಸ್ತಕಗಳು ಕೊಡುವ ಮದ್ದು ಕಾಲಘಟ್ಟಗಳ ಪಟ್ಟಿ. ಮಧ್ಯಯುಗ, ರಿನೈಸಾನ್ಸ್, ಬರೋಕ್, ಕ್ಲಾಸಿಕಲ್, ರೊಮ್ಯಾಂಟಿಕ್, ಆಧುನಿಕ. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಅದನ್ನು ಬಾಯಿಪಾಠ ಮಾಡಿದರೂ ಕಿವಿಗೆ ಏನೂ ದಕ್ಕುವುದಿಲ್ಲ. ನಮ್ಮ ಕಡೆಯ ಕೇಳುಗರು ಮೊದಲು ಹಿಡಿಯಬೇಕಾದ್ದು ಒಂದೇ ಸಂಗತಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕಛೇರಿಯಲ್ಲಿ ವರ್ಣ ಶುರುವಾದಾಗ ‘ಸ’ ಎಲ್ಲಿತ್ತೋ ಮಂಗಳ ಹಾಡುವಾಗಲೂ ಅಲ್ಲೇ ಇರುತ್ತದೆ. ಮಧ್ಯಮ ಶ್ರುತಿಯ ಹಾಡುಗಳನ್ನು ಬಿಟ್ಟರೆ ತಂಬೂರಿಯನ್ನು ಯಾರೂ ಮುಟ್ಟುವುದಿಲ್ಲ. ರಾಗ ಬದಲಾಗುತ್ತದೆ, ತಾಳ ಬದಲಾಗುತ್ತದೆ, ಶ್ರುತಿ ಅಲ್ಲಾಡುವುದಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ, ಮುಖ್ಯವಾಗಿ 1600ರಿಂದ 1900ರ ನಡುವೆ, ಒಂದೇ ರಚನೆಯ ಒಳಗೆ ‘ಸ’ವೇ ಎದ್ದು ಬೇರೆ ಕಡೆ ಹೋಗಿ ಕೂರುತ್ತದೆ. ಸ್ವಲ್ಪ ಹೊತ್ತು ಅದೇ ಮನೆ. ಆಮೇಲೆ ವಾಪಸ್ ಬರುತ್ತದೆ. ಅಲ್ಲಿನ ದೊಡ್ಡ ರೂಪಗಳಲ್ಲಿ ಬಹುಪಾಲು ಈ ಓಡಾಟ ಕೇಳುಗರಿಗೆ ತಿಳಿಯುವಂತೆ ಮಾಡಿಕೊಂಡ ಏರ್ಪಾಡುಗಳು.

ಹೀಗೆ ಹೊರಡುವ ಅಭ್ಯಾಸ ಒಂದೇ ದಿನ ಬಂದದ್ದಲ್ಲ. ಸಾವಿರ ವರ್ಷದ ಹಿಂದೆ ಯುರೋಪಿನ ಮಠಗಳಲ್ಲಿ ಹಾಡುತ್ತಿದ್ದ ಗ್ರೆಗೋರಿಯನ್ ಚಾಂಟ್ ನಮಗೆ ಸಲೀಸಾಗಿ ಹಿಡಿಸುತ್ತದೆ. ಒಂದೇ ಧಾಟಿ. ಎಲ್ಲರೂ ಅದನ್ನೇ ಹಾಡುತ್ತಾರೆ. ಅವರ ಮೋಡ್‌ಗಳು, ಅಂದರೆ ಸ್ವರಶ್ರೇಣಿಗಳು, ನಮ್ಮ ಮೇಳಗಳಿಗೆ ಸಾಕಷ್ಟು ಹತ್ತಿರ. ಪಾಠವೂ ಬಾಯಿಂದ ಬಾಯಿಗೆ. ವರ್ಷವಿಡೀ ಬೇಕಾಗುವ ಸ್ತೋತ್ರಗಳನ್ನೆಲ್ಲ ಕಂಠಪಾಠ ಮಾಡಲು ಹುಡುಗರಿಗೆ ವರ್ಷಗಟ್ಟಲೆ ಹಿಡಿಯುತ್ತಿತ್ತು. ಇಟಲಿಯ ಅರೆಟ್ಸೊ ಊರಿನಲ್ಲಿ ಗ್ವಿಡೊ ಎಂಬ ಸನ್ಯಾಸಿ ಇದಕ್ಕೆ ಉಪಾಯ ಹುಡುಕಿದ. ಸುಮಾರು 1030ರ ಹೊತ್ತಿಗೆ ಅವನು ಗೆರೆಗಳನ್ನೆಳೆದು, ಗೆರೆಯ ಮೇಲೆ ಮತ್ತು ನಡುವೆ ಸ್ವರ ಗುರುತಿಸುವ ಪದ್ಧತಿ ತಂದ. ಸಂತ ಜಾನ್‌ನ ಒಂದು ಸ್ತೋತ್ರದಲ್ಲಿ ಪ್ರತಿ ಸಾಲೂ ಒಂದೊಂದು ಸ್ವರ ಮೇಲಿಂದ ಶುರುವಾಗುತ್ತಿತ್ತು. ಆ ಸಾಲುಗಳ ಮೊದಲ ಅಕ್ಷರಗಳನ್ನೇ ತೆಗೆದು ಉತ್, ರೆ, ಮಿ, ಫಾ, ಸೋಲ್, ಲಾ ಅಂತ ಕಲಿಸಿದ. ಉತ್ ಮುಂದೆ ‘ಡೊ’ ಆಯಿತು.

ಬರೆಯುವುದು ಬಂದಮೇಲೆ ಗ್ವಿಡೊ ಊಹಿಸದಿದ್ದ ದಾರಿಯೊಂದು ತೆರೆಯಿತು. ಒಂದೇ ಧಾಟಿಯನ್ನು ನಾಲ್ಕು ಜನ ಹಾಡಲು ಕಾಗದ ಬೇಕಿಲ್ಲ. ನಾಲ್ಕು ಜನ ನಾಲ್ಕು ಬೇರೆ ಧಾಟಿ ಒಟ್ಟಿಗೆ ಹಾಡಿ, ಆದರೂ ಕಲಸುಮೇಲೋಗರ ಆಗಬಾರದು ಅಂದರೆ ಯಾರು ಯಾವಾಗ ಎಲ್ಲಿರಬೇಕು ಅಂತ ಬರೆದಿಡಲೇಬೇಕು. ಪ್ಯಾರಿಸ್‌ನ ನಾತ್ರ್ ದಾಮ್ ಚರ್ಚಿನಲ್ಲಿ ಪೆರೊಟಾನ್ 12ನೇ ಶತಮಾನದ ಕೊನೆಗೆ ನಾಲ್ಕು ದನಿಗಳ ರಚನೆ ಮಾಡಿದ್ದ. 1501ರಲ್ಲಿ ವೆನಿಸ್‌ನ ಪೆಟ್ರುಚಿ ಬಹುದನಿ ಸಂಗೀತವನ್ನು ಅಚ್ಚು ಹಾಕಿದ. ಅಲ್ಲಿಂದ ಒಂದೂರಿನ ರಚನೆ ಇನ್ನೊಂದೂರಿನಲ್ಲಿ ಹಾಗೆಹಾಗೇ ಸಿಗತೊಡಗಿತು. ನಮ್ಮಲ್ಲಿ ಒಂದೇ ಕೃತಿಗೆ ನಾಲ್ಕು ಪಾಠಾಂತರ. ಅಲ್ಲಿ ಬರೆದವನ ಕಾಗದವೇ ಪ್ರಮಾಣ. ಇದರಲ್ಲಿ ಅವರಿಗೆ ನಷ್ಟವೂ ಆಗಿದೆ ಅನ್ನಿ. ಗಮಕದಂಥ ಸೂಕ್ಷ್ಮಗಳು ಗೆರೆಗಳ ಮೇಲೆ ಕೂರುವುದಿಲ್ಲ.

ಮೂರು ಸ್ವರ ಒಟ್ಟಿಗೆ

1600ರ ಸುಮಾರಿಗೆ ಇಟಲಿಯಲ್ಲಿ ಗಾಳಿ ಬದಲಾಯಿತು. ನಾಲ್ಕೈದು ದನಿಗಳ ಹೆಣಿಗೆಯಲ್ಲಿ ಮಾತೇ ಕೇಳಿಸುವುದಿಲ್ಲ ಎಂಬ ತಕರಾರು. ಒಬ್ಬ ಹಾಡಲಿ, ಕೆಳಗೆ ವಾದ್ಯಗಳು ಸ್ವರದ ಗೊಂಚಲುಗಳಿಂದ ಆಸರೆ ಕೊಡಲಿ ಅಂತ ಹೊರಟವರಿಂದ ಆಪೆರಾ ಹುಟ್ಟಿತು. ಮಾಂಟೆವೆರ್ಡಿಯ ‘ಓರ್ಫಿಯೊ’ 1607ರಲ್ಲಿ ಮಾಂಟುವಾದಲ್ಲಿ ಮೊದಲು ನಡೆದದ್ದು, ಇವತ್ತಿಗೂ ವೇದಿಕೆಯ ಮೇಲಿದೆ. ಆ ಆಸರೆಯ ಗೊಂಚಲುಗಳೇ ಕಾರ್ಡ್‌ಗಳು. ಮುಂದಿನ ಮುನ್ನೂರು ವರ್ಷದ ಕಥೆಗೆ ಅವೇ ಎಂಜಿನ್.

ಮನೆಯಲ್ಲಿ ಹಾರ್ಮೋನಿಯಂ ಅಥವಾ ಮಕ್ಕಳ ಕೀಬೋರ್ಡ್ ಇದ್ದರೆ ಇದನ್ನು ಒತ್ತಿ ನೋಡಿ. ಶಂಕರಾಭರಣದ ಸ್ವರಗಳು ಸಾಕು. ಮೊದಲು ಸ, ಗ, ಪ ಮೂರನ್ನೂ ಒಟ್ಟಿಗೆ. ಆರಾಮಾಗಿದೆ, ಅಲ್ವಾ? ಈಗ ಪ, ನಿ, ಮೇಲಿನ ರಿ, ಜೊತೆಗೆ ಮೇಲಿನ ಮ. ಇದನ್ನು ಒತ್ತಿ ಹಿಡಿದು ಹಾಗೇ ಬಿಟ್ಟು ಎದ್ದು ಹೋಗಲು ಮನಸ್ಸು ಬರುವುದಿಲ್ಲ. ‘ನಿ’ ಅರ್ಧ ಸ್ವರ ಮೇಲಿರುವ ‘ಸ’ದ ಕಡೆ ವಾಲುತ್ತದೆ. ‘ಮ’ ಅರ್ಧ ಸ್ವರ ಕೆಳಗಿನ ‘ಗ’ದ ಕಡೆ ಇಳಿಯಲು ತುದಿಗಾಲಲ್ಲಿ ನಿಂತಿರುತ್ತದೆ. ಮತ್ತೆ ಸ-ಗ-ಪ ಒತ್ತಿದಾಗ ಬರುವ ನೆಮ್ಮದಿಗೆ ಕೇಡೆನ್ಸ್ ಎಂದು ಹೆಸರು. ಮಾತಿಗೆ ಪೂರ್ಣವಿರಾಮ ಹಾಕಿದ ಹಾಗೆ.

ನಮಗೆ ‘ಸ’ ಎಲ್ಲಿದೆ ಅಂತ ತಂಬೂರಿ ಹೇಳುತ್ತಲೇ ಇರುತ್ತದೆ. ಅಲ್ಲಿ ತಂಬೂರಿಯಿಲ್ಲ. ಯಾವುದು ‘ಸ’ ಎಂದು ಸಾಬೀತು ಮಾಡುವುದು ಈ ಎಳೆತ ಮತ್ತು ವಿಶ್ರಾಂತಿ. ಹಾಗಾಗಿ ಎಳೆತವನ್ನು ಬೇರೆ ಕಡೆ ತಿರುಗಿಸಿದರೆ ‘ಸ’ವನ್ನೂ ಎತ್ತಿಕೊಂಡು ಹೋಗಬಹುದು. ಹೇಗೆ? ಶಂಕರಾಭರಣದಲ್ಲಿ ಹೋಗುತ್ತಿರುವ ಧಾಟಿಯೊಳಗೆ ಶುದ್ಧ ಮಧ್ಯಮದ ಜಾಗದಲ್ಲಿ ಪ್ರತಿಮಧ್ಯಮ ತನ್ನಿ. ನಮ್ಮ ಕಿವಿ ತಕ್ಷಣ ‘ಓ, ಕಲ್ಯಾಣಿ’ ಅನ್ನುತ್ತದೆ. ಅವರ ಕಿವಿ ಹೇಳುವುದೇ ಬೇರೆ. ಪ್ರತಿಮಧ್ಯಮ ಪಂಚಮಕ್ಕೆ ಅರ್ಧ ಸ್ವರ ಕೆಳಗಿದೆ. ‘ಸ’ಕ್ಕೆ ‘ನಿ’ ಹೇಗೋ ಹಾಗೆ. ಆ ಸ್ವರವನ್ನು ನಾಲ್ಕು ಸಲ ಒತ್ತಿ ಹೇಳಿ ಪಂಚಮದ ಮೇಲೆ ಇಳಿದು ವಿಶ್ರಾಂತಿ ತೆಗೆದುಕೊಂಡರೆ, ಪಂಚಮವೇ ಹೊಸ ‘ಸ’. ಅಲ್ಲಿಂದ ಮತ್ತೊಂದು ಶಂಕರಾಭರಣ ಶುರು. ಇದಕ್ಕೆ ಮಾಡ್ಯುಲೇಶನ್ ಅಂತಾರೆ. ನಮ್ಮಲ್ಲಿ ಗ್ರಹಭೇದ ಮಾಡುವ ವಿದ್ವಾಂಸರು ಎರಡು ನಿಮಿಷ ಇದರ ರುಚಿ ತೋರಿಸಿ ಮೂಲ ಷಡ್ಜಕ್ಕೆ ಮರಳುತ್ತಾರೆ, ಸಭೆ ತಲೆದೂಗುತ್ತದೆ. ಅಲ್ಲಿ ಅದೇ ರಾಜಮಾರ್ಗ.

ಅಂದಹಾಗೆ ಅವರ ಮೇಜರ್ ಅಂದರೆ ನಮ್ಮ ಶಂಕರಾಭರಣದ ಸ್ವರಗಳು, ಗಮಕವಿಲ್ಲದೆ. ಮೈನರ್‌ಗೆ ನಠಭೈರವಿಯ ಸ್ವರಗಳು. ಅದರಲ್ಲೇ ‘ಸ’ದ ಕಡೆ ಎಳೆತ ಜಾಸ್ತಿ ಬೇಕೆಂದು ನಿಷಾದವನ್ನು ಏರಿಸಿದರೆ ಕೀರವಾಣಿ. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರಗಳನ್ನು ಮಾಡಿದಾಗ ಶಂಕರಾಭರಣವನ್ನೇ ಹಿಡಿದದ್ದು ಸುಮ್ನೆ ಅಲ್ಲ. ‘ಸಂತತಂ ಪಾಹಿ ಮಾಂ’ ಹಾಡಿದರೆ ಬ್ರಿಟನ್ನಿನ ರಾಷ್ಟ್ರಗೀತೆಯ ಧಾಟಿಯೇ ಕೇಳುತ್ತದೆ.

ಓಡಾಟಕ್ಕೆ ಒಂದು ಅಡ್ಡಿಯಿತ್ತು: ಶ್ರುತಿ ಮಾಡುವ ಬಗೆ. ಶುದ್ಧ ಪಂಚಮದಿಂದ ಪಂಚಮಕ್ಕೆ 12 ಸಲ ಏರುತ್ತ ಹೋದರೆ 7 ಸ್ಥಾಯಿ ದಾಟಿ ಹೊರಟ ಸ್ವರಕ್ಕೇ ಬಂದು ಸೇರಬೇಕು. ಸೇರುವುದಿಲ್ಲ. ಅರ್ಧ ಸ್ವರದ ಸುಮಾರು ಕಾಲುಭಾಗದಷ್ಟು ಮೇಲೆ ಹೋಗಿ ನಿಲ್ಲುತ್ತದೆ. ಒಂದೇ ಷಡ್ಜಕ್ಕೆ ಅಂಟಿಕೊಂಡವರಿಗೆ ಇದು ತಲೆನೋವಲ್ಲ. ‘ಸ’ ಎತ್ತಿಕೊಂಡು ತಿರುಗುವವರಿಗೆ ದೊಡ್ಡ ತಲೆನೋವು. ‘ಸ’ ಇರುವ ಜಾಗ, ಜೊತೆಗೆ ಮೇಜರೋ ಮೈನರೋ ಅನ್ನುವುದು, ಎರಡೂ ಸೇರಿದರೆ ಅವರ ‘ಕೀ’. ಒಂದು ಕೀಗೆ ಇಂಪಾಗಿ ಶ್ರುತಿ ಮಾಡಿದ ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಬೋರ್ಡ್ ವಾದ್ಯ) ಇನ್ನೊಂದು ಕೀಯಲ್ಲಿ ಊಳಿಡುತ್ತಿತ್ತು. ಹಾಗಾಗಿ ಆ ಹೆಚ್ಚುವರಿ ಚೂರನ್ನು ಎಲ್ಲ ಸ್ವರಗಳಿಗೂ ಹಂಚಿ ಹಾಕುವ ಹೊಸ ಶ್ರುತಿಪದ್ಧತಿಗಳು ಬಂದವು. ಯೊಹಾನ್ ಸೆಬಾಸ್ಟಿಯನ್ ಬಾಖ್ 1722ರಲ್ಲಿ 12 ಮೇಜರ್, 12 ಮೈನರ್, ಹೀಗೆ 24 ಕೀಗಳಲ್ಲೂ ಒಂದೊಂದು ಪ್ರಿಲ್ಯೂಡ್ (ಪೀಠಿಕೆಯಂಥ ರಚನೆ), ಒಂದೊಂದು ಫ್ಯೂಗ್ (ಅದರ ವಿವರ ಮುಂದೆ ಬರುತ್ತದೆ) ಬರೆದು ಸಂಪುಟ ಮಾಡಿದ. ಎಲ್ಲಿಗೆ ಬೇಕಾದರೂ ಹೋಗಬಹುದು, ನೋಡಿ ಅಂತ ತೋರಿಸಿದ ಹಾಗೆ. ಈಗಿನ ಪಿಯಾನೊ, ಹಾರ್ಮೋನಿಯಂಗಳಲ್ಲಿ 12 ಮೆಟ್ಟಿಲೂ ಸಮ. ಎಲ್ಲ ಕೀಯೂ ಒಂಚೂರು ಅಪಶ್ರುತಿ, ಯಾವುದೂ ಅಸಹ್ಯವಲ್ಲ. ನಮ್ಮವರಿಗೆ ಆ ಒಂಚೂರೇ ಕಿರಿಕಿರಿ. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿದ್ದರ ಹಿಂದೆ ಈ ದೂರೂ ಇತ್ತು.

ಟ್ವಿಂಕಲ್ ಟ್ವಿಂಕಲ್‌ನಿಂದ ಫ್ಯೂಗ್‌ವರೆಗೆ

ರೂಪಗಳಿಗೆ ಬರೋಣ. ಅತಿ ಚಿಕ್ಕದು ನಿಮ್ಮ ಮನೆ ಮಗುವಿಗೂ ಗೊತ್ತಿದೆ. ‘ಟ್ವಿಂಕಲ್ ಟ್ವಿಂಕಲ್’ ಧಾಟಿಯನ್ನು ಸ್ವರ ಹಾಕಿ ಹಾಡಿ. ಸ ಸ ಪ ಪ ದ ದ ಪ, ಮ ಮ ಗ ಗ ರಿ ರಿ ಸ. ಆಮೇಲೆ ಪ ಪ ಮ ಮ ಗ ಗ ರಿ, ಇದೇ ಸಾಲು ಎರಡು ಸಲ. ಕೊನೆಗೆ ಮೊದಲ ಸಾಲುಗಳೇ ವಾಪಸ್. ನಡುವಿನ ಸಾಲು ‘ರಿ’ಯಲ್ಲಿ ಬಾಗಿಲು ತೆರೆದಿಟ್ಟು ನಿಲ್ಲುತ್ತದೆ. ಅದಕ್ಕೇ ಮೊದಲನೆಯದು ಮರಳಿದಾಗ ಹಿತವಾಗುತ್ತದೆ. ಇದು ಎ-ಬಿ-ಎ, ಅಂದರೆ ಮೂರು ಭಾಗದ ರೂಪ. ಬರೋಕ್ ಆಪೆರಾದ ಹಾಡುಗಳಲ್ಲಿ, ಸಿಂಫನಿಯೊಳಗಿನ ಮಿನ್ಯುಯೆಟ್‌ನಲ್ಲಿ, ಶೋಪ್ಯಾನ್ ಪಿಯಾನೊಗೆ ಬರೆದ ಎಷ್ಟೋ ನಾಕ್ಟರ್ನ್‌ಗಳಲ್ಲಿ (ರಾತ್ರಿಯ ಭಾವದ ರಚನೆಗಳಲ್ಲಿ) ಇದೇ ಹಂದರ.

ಈ ಧಾಟಿ ಮೂಲದಲ್ಲಿ ಫ್ರಾನ್ಸಿನದು. ಅದನ್ನೇ ಹಿಡಿದು ಮೊಜಾರ್ಟ್ 12 ವೇರಿಯೇಶನ್‌ಗಳನ್ನು, ಅಂದರೆ ಅದೇ ಧಾಟಿಯ ರೂಪಾಂತರಗಳನ್ನು, ಪಿಯಾನೊಗೆ ಬರೆದಿದ್ದಾನೆ. ವೇರಿಯೇಶನ್ ರೂಪ ಕಲಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಧಾಟಿ ನಿಮಗೆ ಮೊದಲೇ ಬರುತ್ತದೆ, ಆದ್ದರಿಂದ ಅವನು ಏನು ಮಾಡುತ್ತಿದ್ದಾನೆ ಅನ್ನುವುದಕ್ಕಷ್ಟೇ ಕಿವಿ ಕೊಟ್ಟರೆ ಸಾಕು. ಒಂದರಲ್ಲಿ ಬಲಗೈ ತುಂಬಾ ಓಟದ ಸ್ವರಗಳು, ಮುಂದಿನದರಲ್ಲಿ ಅದೇ ಓಟ ಎಡಗೈಗೆ. 8ನೆಯದರಲ್ಲಿ ಇದ್ದಕ್ಕಿದ್ದಂತೆ ಮೈನರ್. ಮಕ್ಕಳ ಹಾಡು ಮುಖ ಸಪ್ಪೆ ಮಾಡಿಕೊಳ್ಳುತ್ತದೆ. ಕೊನೆಯದರಲ್ಲಿ ನಡೆ ಮೂರಕ್ಕೆ ತಿರುಗುತ್ತದೆ. ಸಾಲಿನ ಉದ್ದ, ಕಾರ್ಡ್‌ಗಳ ನಡಿಗೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಇದೇ ರೂಪವನ್ನು ಎಷ್ಟು ದೂರ ಎಳೆಯಬಹುದು ಅಂತ ನೋಡಬೇಕಾದರೆ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಇದೆ. ಒಂದು ಧಾಟಿ, 30 ವೇರಿಯೇಶನ್, ಕೊನೆಗೆ ಮತ್ತೆ ಅದೇ ಧಾಟಿ.

ರೊಂಡೊವನ್ನು ವಿವರಿಸಲು ನಮಗೆ ಎರಡು ಮಾತು ಸಾಕು. ಎ-ಬಿ-ಎ-ಸಿ-ಎ. ವರ್ಣದ ಉತ್ತರಾರ್ಧದಲ್ಲಿ ಚರಣದ ಸಾಲು ಹಾಡಿ, ಎತ್ತುಗಡೆ ಸ್ವರ ಹಾಡಿ, ಮತ್ತೆ ಚರಣಕ್ಕೆ ಬಂದು, ಮುಂದಿನ ಎತ್ತುಗಡೆ ಸ್ವರಕ್ಕೆ ಹೋಗುವುದಿಲ್ಲವೇ? ಹಂದರ ಅದೇ. ಆದರೆ ರೊಂಡೊದಲ್ಲಿ ಬಿ, ಸಿ ಭಾಗಗಳು ಬೇರೆ ‘ಸ’ಕ್ಕೆ ಹೋಗಿಬರುತ್ತವೆ. ‘ಎ’ ಬಂತೆಂದರೆ ಧಾಟಿಯ ಜೊತೆ ಮೂಲ ಷಡ್ಜವೂ ಬಂತು ಅಂತ. ಮೊಜಾರ್ಟ್ ತನ್ನ ಪಿಯಾನೊ ಕಾನ್ಚೆರ್ಟೊಗಳ (ಒಬ್ಬರ ಪಿಯಾನೊ, ಜೊತೆಗೆ ಆರ್ಕೆಸ್ಟ್ರಾ) ಕೊನೆಯ ಭಾಗವನ್ನು ಹೆಚ್ಚಾಗಿ ರೊಂಡೊ ಮಾಡುತ್ತಿದ್ದ. ಸಭೆಯನ್ನು ನಗುನಗುತ್ತ ಮನೆಗೆ ಕಳಿಸುವ ಉದ್ದೇಶ ಇದ್ದಿರಬೇಕು.

ಫ್ಯೂಗ್ ಜಾತಿಯೇ ಬೇರೆ. ಅದರಲ್ಲಿ ಭಾಗಗಳಿಗಿಂತ ದನಿಗಳ ಲೆಕ್ಕ ಮುಖ್ಯ. ಬಾಖ್‌ನ 1722ರ ಸಂಪುಟದ ಸಿ ಮೈನರ್ ಫ್ಯೂಗ್ (‘ಸ’ ಇರುವುದು ಅವರ ‘ಸಿ’ ಎಂಬ ಸ್ವರದಲ್ಲಿ) ಎರಡು ನಿಮಿಷವೂ ಇಲ್ಲ, ಮೂರೇ ದನಿ. ಶುರುವಿಗೆ ನಡುವಿನ ದನಿ ಒಂದೇ ಹೊರಡುತ್ತದೆ: ಸ ನಿ ಸ ಪ ದ, ಸ ನಿ ಸ ರಿ ಪ. ಪಕ್ಕಾ ಕೀರವಾಣಿಯ ಸ್ವರಗಳು. ಅದು ಮುಗಿಯುತ್ತಿದ್ದಂತೆ ಮೇಲಿನ ದನಿ ಅದೇ ಮಾತನ್ನು ಪಂಚಮದಿಂದ ಹಿಡಿದು ಹೇಳುತ್ತದೆ. ಮೊದಲ ದನಿ ಬಾಯಿ ಮುಚ್ಚುವುದಿಲ್ಲ. ಅದರ ಜೊತೆ ಹೊಂದುವ ಬೇರೆ ಧಾಟಿ ಹಿಡಿಯುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗಿನ ದನಿಯೂ ಬಂದು ಅದೇ ಮಾತು ಎತ್ತುತ್ತದೆ. ಮುಂದೆ ಆ ಧಾಟಿ ಬೇರೆ ಬೇರೆ ‘ಸ’ಗಳ ಮೇಲೆ, ಯಾವ ದನಿಯಲ್ಲಿ ಬೇಕಾದರೂ ತಲೆಯೆತ್ತಬಹುದು. ಕೇಳುವವರ ಕೆಲಸ ಆ ‘ಸ ನಿ ಸ’ ಈಗ ಎಲ್ಲಿ ಮೂಡಿತು ಅಂತ ಬೆನ್ನು ಹತ್ತುವುದು. ಮೊದಲ ಸಲ ಎರಡು ಸಿಕ್ಕರೆ ಮುಂದಿನ ಸಲ ನಾಲ್ಕು ಸಿಗುತ್ತವೆ.

ಅರಮನೆಯಿಂದ ಟಿಕೆಟ್ ಸಭೆಗೆ

ಬಾಖ್ 1750ರಲ್ಲಿ ತೀರಿಕೊಂಡ. ಆ ಹೊತ್ತಿಗೆ ಯುವಕರಿಗೆ ಇಂಥ ದಟ್ಟ ಹೆಣಿಗೆ ಹಳೇ ಕಾಲದ್ದು ಅನ್ನಿಸತೊಡಗಿತ್ತು. ಒಂದು ಸ್ಪಷ್ಟ ಧಾಟಿ, ಕೆಳಗೆ ಹಗುರ ಆಸರೆ, ನಾಲ್ಕು-ನಾಲ್ಕು ಬಾರ್‌ಗಳ (ನಮ್ಮ ಆವರ್ತದಂಥ ಅಳತೆ) ಪ್ರಶ್ನೆ-ಉತ್ತರ. ಸಂಗೀತಗಾರರ ಅನ್ನದ ಮೂಲವೂ ಬದಲಾಗುತ್ತಿತ್ತು. ಯೋಸೆಫ್ ಹೈಡನ್‌ನ ಬದುಕೊಂದನ್ನೇ ನೋಡಿದರೂ ಸಾಕು. ಮೂವತ್ತು ವರ್ಷದ ಹತ್ತಿರ ಎಸ್ಟರ್‌ಹಾಜಿ ಎಂಬ ರಾಜಮನೆತನದ ಸಮವಸ್ತ್ರ ತೊಟ್ಟು ನೌಕರಿ ಮಾಡಿದವನು, 1791ರಲ್ಲಿ ಲಂಡನ್ನಿಗೆ ಹೋಗಿ ಟಿಕೆಟ್ ಕೊಂಡು ಬಂದ ಜನರ ಮುಂದೆ ನಿಂತ. ರಾಜಕುಮಾರನನ್ನು ಮೆಚ್ಚಿಸುವುದು ಒಂದು ವಿದ್ಯೆ. ತುಂಬಿದ ಸಭೆಯ ಗಮನವನ್ನು ಇಪ್ಪತ್ತೈದು ನಿಮಿಷ ಹಿಡಿದಿಡುವುದು ಇನ್ನೊಂದು ವಿದ್ಯೆ.

ಅವನ 94ನೇ ಸಿಂಫನಿ 1792ರಲ್ಲಿ ಅಲ್ಲಿ ಮೊದಲು ನಡೆಯಿತು. ಅದರ ಎರಡನೇ ಭಾಗ ಹಾಲುಗಲ್ಲದ ಮಗುವೂ ಹಾಡುವಂಥದ್ದು: ಸ ಸ ಗ ಗ ಪ ಪ ಗ, ಮ ಮ ರಿ ರಿ ನಿ ನಿ ಪ. ಪಿಟೀಲುಗಳು ಮೆಲ್ಲಗೆ ನುಡಿಸುತ್ತವೆ. ಎರಡನೇ ಸಲ ಇನ್ನೂ ಮೆಲ್ಲಗೆ. ಅದು ಮುಗಿಯುವಲ್ಲಿ ಇಡೀ ಆರ್ಕೆಸ್ಟ್ರಾ, ನಗಾರಿಯೂ ಸೇರಿ, ಢಂ ಎನ್ನುತ್ತದೆ. ಮತ್ತೆ ಏನೂ ಆಗದವರ ಹಾಗೆ ಮುಂದುವರಿಯುತ್ತದೆ. ಹಾಸ್ಯ ಚಿಕ್ಕದೇ. ಆದರೆ ಇದರಲ್ಲಿ ಆ ಕಾಲದ ಗುಟ್ಟಿದೆ. ಮುಂದೆ ಏನು ಬರುತ್ತದೆ ಅಂತ ಕೇಳುಗರು ಊಹಿಸುವ ಹಾಗೆ ಮಾಡಿ, ಆಮೇಲೆ ಆ ಊಹೆಯ ಜೊತೆ ಆಟ.

ಸಿಂಫನಿಗೆ ನಾಲ್ಕು ಭಾಗ ಅನ್ನುವ ವಾಡಿಕೆ ಇದೇ ಕಾಲದಲ್ಲಿ ಗಟ್ಟಿಯಾಯಿತು. ಮೊದಲು ವೇಗದ್ದು, ಆಮೇಲೆ ನಿಧಾನದ್ದು, ಮೂರನೆಯದು ನೃತ್ಯದ ನಡೆಯ ಮಿನ್ಯುಯೆಟ್, ಕೊನೆಗೆ ಮತ್ತೆ ವೇಗ. ಒಂದೊಂದೂ ಒಂದು ಮೂವ್‌ಮೆಂಟ್. ನಾಲ್ಕೂ ಸೇರಿ ಒಂದು ರಚನೆ ಅಂತ ಲೆಕ್ಕ, ಹಾಗಾಗಿ ಈಗಿನವರು ನಡುವೆ ಚಪ್ಪಾಳೆ ಹೊಡೆಯುವುದಿಲ್ಲ. ಈ ಶಿಸ್ತು ತೀರಾ ಈಚಿನದು. ಮೊಜಾರ್ಟ್ ಕಾಲದ ಜನ ಮೂವ್‌ಮೆಂಟ್ ನಡೆಯುತ್ತಿರುವಾಗಲೇ ಚಪ್ಪಾಳೆ ತಟ್ಟುತ್ತಿದ್ದರು, ಅವನಿಗೆ ಅದು ಖುಷಿಯೂ ಆಗುತ್ತಿತ್ತು.

ಐದನೇ ಸಿಂಫನಿಯ ಮೊದಲ ಏಳು ನಿಮಿಷ

ಸಿಂಫನಿಯ ಮೊದಲ ಮೂವ್‌ಮೆಂಟ್ ಸಾಮಾನ್ಯವಾಗಿ ಸೊನಾಟಾ ರೂಪದಲ್ಲಿರುತ್ತದೆ. ಅದು ಎಲ್ಲರಿಗೂ ಕಬ್ಬಿಣದ ಕಡಲೆ ಅನ್ನಿಸುವುದು ಅದನ್ನು ನಕ್ಷೆಯಲ್ಲಿ ಕಲಿಸುವುದರಿಂದ. ಕಿವಿಯಿಂದ ಕಲಿಯೋಣ. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ, ಕೊರೆಯುವ ಚಳಿಯಲ್ಲಿ, ನಾಲ್ಕು ಗಂಟೆಯ ಕಾರ್ಯಕ್ರಮದ ನಡುವೆ ಬೀಥೋವನ್‌ನ ಐದನೇ ಸಿಂಫನಿ ಮೊದಲ ಸಲ ಕೇಳಿಬಂತು. ಅದರ ಶುರು ಎಲ್ಲರಿಗೂ ಗೊತ್ತು. ಮೂರು ಗಿಡ್ಡ, ಒಂದು ಉದ್ದ.

ನಮ್ಮ ಸ್ವರದಲ್ಲಿ ಹಾಡಿದರೆ ಪ ಪ ಪ ಗಾ, ಮ ಮ ಮ ರೀ. ಗಾಂಧಾರ ಸಾಧಾರಣ. ‘ಸ’ ಸಿ ಸ್ವರದಲ್ಲಿದೆ ಅಂತ ಒಪ್ಪಿಕೊಂಡರೆ ಇದು ಸರಿ. ಆದರೆ ತಮಾಷೆ ಏನಂದರೆ, ಇಲ್ಲಿ ಕಾರ್ಡೇ ಇಲ್ಲ. ಪಿಟೀಲಿನ ಕುಟುಂಬ, ಕ್ಲಾರಿನೆಟ್ ಎಲ್ಲ ಒಂದೇ ಧಾಟಿ ನುಡಿಸುತ್ತವೆ. ಯಾವುದು ಷಡ್ಜ ಅಂತ ಹೇಳುವವರಿಲ್ಲ. ಆ ಸಾಧಾರಣ ಗಾಂಧಾರವನ್ನೇ ‘ಸ’ ಅಂದುಕೊಂಡು ಹಾಡಿ ನೋಡಿ: ಗ ಗ ಗ ಸಾ, ರಿ ರಿ ರಿ ನೀ. ಅದೂ ಸರಿಹೋಗುತ್ತದೆ, ಅದು ಮೇಜರ್! ಮೊದಲ ಎಂಟು ಸ್ವರಗಳಲ್ಲೇ ಎರಡು ಮನೆಗಳ ಜಗಳ ಬಿತ್ತಿಟ್ಟಿದ್ದಾನೆ. ಮುಂದಿನ ಕ್ಷಣವೇ ಕಾರ್ಡ್‌ಗಳು ಬಂದು ಸಿ ಮೈನರ್ ಅಂತ ಖಚಿತ ಮಾಡುತ್ತವೆ.

ಸುಮಾರು ಮುಕ್ಕಾಲು ನಿಮಿಷದ ಹೊತ್ತಿಗೆ ಓಟ ಒಮ್ಮೆ ನಿಂತು ಹಾರ್ನ್‌ಗಳು ಅದೇ ಮೂರು-ಒಂದನ್ನು ಹಿಗ್ಗಿಸಿ ಕೂಗುತ್ತವೆ. ಅದರ ಬೆನ್ನಿಗೇ ಪಿಟೀಲಿನಲ್ಲಿ ಮೃದುವಾದ ಎರಡನೇ ಧಾಟಿ. ಈಗ ‘ಸ’ ಎಲ್ಲಿದೆ? ಅದೇ ಸಾಧಾರಣ ಗಾಂಧಾರದ ಮೇಲೆ. ಇ-ಫ್ಲ್ಯಾಟ್ ಮೇಜರ್. ಶುರುವಲ್ಲಿ ಅನುಮಾನವಾಗಿದ್ದ ಮನೆಗೆ ಈಗ ನಿಜವಾಗಿಯೂ ಬಂದಿದ್ದೇವೆ. ಗಮನ ಕೊಟ್ಟರೆ ಕೆಳಗಿನ ಚೆಲ್ಲೊಗಳು ಮೂರು-ಒಂದನ್ನು ಕುಟ್ಟುತ್ತಲೇ ಇರುವುದು ಕೇಳುತ್ತದೆ. ಇಲ್ಲಿಯವರೆಗಿನದು ಎಕ್ಸ್‌ಪೊಸಿಶನ್. ಎರಡು ‘ಸ’, ಎರಡು ಸ್ವಭಾವ. ಕೇಳುಗರಿಗೆ ಮನದಟ್ಟಾಗಲಿ ಅಂತ ಇಡೀ ಭಾಗವನ್ನು ಇನ್ನೊಮ್ಮೆ ನುಡಿಸುತ್ತಾರೆ.

ಆಮೇಲೆ ಡೆವಲಪ್‌ಮೆಂಟ್. ಇಲ್ಲಿ ‘ಸ’ಕ್ಕೆ ನಿಲುಗಡೆಯಿಲ್ಲ. ಹಾರ್ನ್ ಕೂಗನ್ನು ಒಡೆದು ಎರಡು ಸ್ವರ ಮಾಡುತ್ತಾನೆ. ಅದನ್ನೂ ಒಡೆದು ಒಂದೊಂದೇ ಕಾರ್ಡ್ ಆಗಿಸುತ್ತಾನೆ. ಊದುವ ವಾದ್ಯಗಳು ಒಂದು ಅಂದರೆ ತಂತಿವಾದ್ಯಗಳು ಒಂದು, ಹೀಗೆ ಪಿಸುಗುಟ್ಟುವ ಮಟ್ಟಕ್ಕೆ ಇಳಿಯುತ್ತದೆ. ಎಲ್ಲಿದ್ದೇವೆ ಅಂತ ದಿಕ್ಕು ತಪ್ಪುವುದು ಇಲ್ಲಿ ನಿಮ್ಮ ದಡ್ಡತನವಲ್ಲ. ದಿಕ್ಕು ತಪ್ಪಲಿ ಅಂತಲೇ ಬರೆದದ್ದು.

ಆಗ ಇಡೀ ಆರ್ಕೆಸ್ಟ್ರಾ ಒಟ್ಟಾಗಿ ಪ ಪ ಪ ಗಾ ಎಂದು ಸಿಡಿಯುತ್ತದೆ. ಮನೆ ಸಿಕ್ಕಿತು. ಇದು ರಿಕ್ಯಾಪಿಟ್ಯುಲೇಶನ್. ಮೊದಲಿನದೇ ಮತ್ತೆ ಬರುತ್ತದೆ, ಆದರೆ ಓಟದ ನಡುವೆ ಇದ್ದಕ್ಕಿದ್ದಂತೆ ಎಲ್ಲರೂ ನಿಂತು ಓಬೋ ಒಂದೇ ಒಂದು ಚಿಕ್ಕ ಆಲಾಪನೆಯಂಥ ಸಾಲು ಹಾಡುತ್ತದೆ. ಆಮೇಲೆ ಎರಡನೇ ಧಾಟಿ. ವಾಡಿಕೆಯ ಪ್ರಕಾರ ಅದು ಈ ಸಲ ಬೇರೆ ಮನೆಗೆ ಹೋಗಬಾರದು, ಮೂಲ ‘ಸ’ದಲ್ಲೇ ಕೇಳಬೇಕು. ಹಾಗೇ ಆಗುತ್ತದೆ, ಆದರೆ ಸಿ ಮೈನರ್‌ನಲ್ಲಲ್ಲ, ಸಿ ಮೇಜರ್‌ನಲ್ಲಿ. ಜಗಳ ಸುಖವಾಗಿ ಮುಗಿಯಿತು ಅನ್ನಿಸುತ್ತದೆ. ಮುಗಿಯುವುದಿಲ್ಲ. ಕೋಡಾ ಅಂದರೆ ಸಾಮಾನ್ಯವಾಗಿ ಬಾಲದಷ್ಟು ಚಿಕ್ಕದು. ಬೀಥೋವನ್ ಅದನ್ನು ಎಕ್ಸ್‌ಪೊಸಿಶನ್ನಿನಷ್ಟೇ ಉದ್ದ ಬೆಳೆಸಿ ಮೈನರ್‌ಗೇ ಎಳೆದು ತಂದು ಮುಚ್ಚುತ್ತಾನೆ. ಸಿ ಮೇಜರ್‌ನ ಆಸೆ ನಿಜವಾಗಲು ನಾಲ್ಕನೇ ಮೂವ್‌ಮೆಂಟ್‌ವರೆಗೆ ಕಾಯಬೇಕು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಟ್ರೊಂಬೋನ್‌ಗಳು, ಪಿಕೊಲೊ ಕೊಳಲು, ದೊಡ್ಡ ಬಸೂನ್ ಆಗ ಎದ್ದೇಳುತ್ತವೆ.

ಸೊನಾಟಾ ರೂಪದ ವ್ಯಾಖ್ಯೆ ಪುಸ್ತಕಗಳಲ್ಲಿ ಪಕ್ಕಾ ಆದದ್ದು ಬೀಥೋವನ್ 1827ರಲ್ಲಿ ತೀರಿಕೊಂಡ ಮೇಲೆ. ಅವನಾಗಲಿ ಹೈಡನ್ ಆಗಲಿ ಖಾನೆ ತುಂಬುತ್ತ ಕೂತವರಲ್ಲ. ಹಾಗಾಗಿ ನಕ್ಷೆಗೆ ಹೊಂದದ ಸೊನಾಟಾ ಸಿಕ್ಕರೆ ಗಾಬರಿ ಬೇಡ. ‘ಸ’ ಯಾವಾಗ ಹೊರಟಿತು, ಯಾವಾಗ ಬಂತು ಅನ್ನುವುದೊಂದು ಸಿಕ್ಕರೆ ಉಳಿದದ್ದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ವಾಪಸ್ ಬಾರದ ‘ಸ’

ಮುಂದಿನ ನೂರು ವರ್ಷ ಪ್ರಯಾಣ ಉದ್ದವಾಗುತ್ತ ಹೋಯಿತು. ಶೂಬರ್ಟ್ 31 ವರ್ಷದ ಬದುಕಿನಲ್ಲಿ 600ಕ್ಕೂ ಹೆಚ್ಚು ಹಾಡು ಬರೆದ. ಒಂದೇ ಪದ್ಯದೊಳಗೆ ಮೇಜರ್, ಮೈನರ್ ನಡುವೆ ತೂಗುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಬೆರ್ಲಿಯೋಜ್ 1830ರ ‘ಫ್ಯಾಂಟಾಸ್ಟಿಕ್ ಸಿಂಫನಿ’ಗೆ ಕಥೆಯನ್ನೇ ಅಚ್ಚು ಹಾಕಿಸಿ ಹಂಚಿದ. ನಾಯಕನ ಪ್ರೇಯಸಿಗೆ ಒಂದು ಧಾಟಿ, ಅದು ಐದೂ ಮೂವ್‌ಮೆಂಟ್‌ಗಳಲ್ಲಿ ವೇಷ ಬದಲಿಸಿಕೊಂಡು ಬರುತ್ತದೆ. ವಾಗ್ನರ್ ಇನ್ನೂ ಮುಂದೆ ಹೋದ. 1865ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ಯ ಮೊದಲ ಕಾರ್ಡ್ ಎಳೆತದ್ದು. ಅದು ಬಿಡುಗಡೆಗೆ ಹೋಗದೆ ಇನ್ನೊಂದು ಎಳೆತಕ್ಕೆ ಹೋಗುತ್ತದೆ. ನಿಜವಾದ ನೆಮ್ಮದಿ ಸಿಗುವುದು ಸುಮಾರು ನಾಲ್ಕು ಗಂಟೆಯ ನಂತರ, ಕೊನೆಯ ಪುಟದಲ್ಲಿ. ಪ್ರೇಮದ ಕಥೆಗೆ ಇದಕ್ಕಿಂತ ತಕ್ಕ ರೂಪ ಇರಲಿಕ್ಕಿಲ್ಲ. ಕೂತು ಕೇಳುವ ತಾಳ್ಮೆ ಎಷ್ಟು ಜನಕ್ಕಿದೆ ಅನ್ನುವುದು ಬೇರೆ ಮಾತು.

ಇಷ್ಟು ದೂರ ಬಂದಮೇಲೆ ಮನೆ ಯಾಕೆ ಬೇಕು ಎಂಬ ಪ್ರಶ್ನೆ ಏಳಲೇಬೇಕಿತ್ತು. ಡೆಬುಸಿ 1889ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜಾವಾದ ಗಾಮೆಲಾನ್ (ಕಂಚಿನ ವಾದ್ಯಗಳ ಮೇಳ) ಕೇಳಿ ಬೆರಗಾದ. ಎಳೆತ-ಬಿಡುಗಡೆಯ ಲೆಕ್ಕವಿಲ್ಲದೆಯೂ ಕಾರ್ಡ್ ಬರೀ ಬಣ್ಣವಾಗಿ ಇರಬಹುದು ಅಂತ ತನ್ನ ರಚನೆಗಳಲ್ಲಿ ತೋರಿಸಿದ. ಶೋನ್‌ಬರ್ಗ್ 1920ರ ದಶಕದ ಆರಂಭದಲ್ಲಿ 12 ಸ್ವರಗಳಿಗೂ ಸಮಾನ ಹಕ್ಕು ಕೊಡುವ ಪದ್ಧತಿ ಮಾಡಿದ. ಯಾವ ಸ್ವರವೂ ‘ಸ’ವಾಗದಂತೆ ನೋಡಿಕೊಳ್ಳುವುದೇ ಅದರ ನಿಯಮ. ಇದನ್ನು ಗೌರವಿಸುತ್ತೇನೆ. ಆದರೆ ನನ್ನ ಕಿವಿಗೆ ಇವತ್ತಿಗೂ ಅದು ಒಗ್ಗಿಲ್ಲ ಅಂತ ಹೇಳಿಬಿಡುವುದು ಒಳ್ಳೆಯದು.

ಈ ಕಥೆಯ ಕೊನೆಯ ಪುಟಗಳಲ್ಲಿ ಮೈಸೂರಿನ ಹೆಸರಿದೆ. ಜಯಚಾಮರಾಜೇಂದ್ರ ಒಡೆಯರ್ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದ ವಾಗ್ಗೇಯಕಾರರು ಅಂತ ನಮಗೆ ಗೊತ್ತು. ಅವರು ಶ್ರದ್ಧೆಯಿಂದ ಪಿಯಾನೊ ಕಲಿತವರೂ ಹೌದು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಲಂಡನ್ನಿನಲ್ಲಿ ಬಡತನ, ಕಾಯಿಲೆಗಳಲ್ಲಿ ದಿನ ದೂಡುತ್ತಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ತನ್ನ ರಚನೆಗಳನ್ನು ರೆಕಾರ್ಡ್ ಮಾಡಲು ಆದದ್ದು ಅವರ ಹಣದಿಂದ. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಜರ್ಮನಿಯ ರಿಚರ್ಡ್ ಸ್ಟ್ರಾಸ್ 84ರ ಆಸುಪಾಸಿನ ವಯಸ್ಸಿನಲ್ಲಿ ಬರೆದ ‘ನಾಲ್ಕು ಕೊನೆಯ ಹಾಡುಗಳು’ ಅವನು ತೀರಿದ ಮೇಲೆ, 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿದ್ದೂ ಮೈಸೂರಿನ ನೆರವಿನಿಂದಲೇ. ಕಿರ್‌ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ಆರ್ಕೆಸ್ಟ್ರಾ ನಡೆಸಿಕೊಟ್ಟರು. ಶೋನ್‌ಬರ್ಗ್‌ನ ಪದ್ಧತಿ ಬಂದು ಎಷ್ಟೋ ವರ್ಷ ಕಳೆದಿದ್ದರೂ ಮುದುಕ ಸ್ಟ್ರಾಸ್ ‘ಸ’ ಬಿಟ್ಟಿರಲಿಲ್ಲ. ‘ಸಂಜೆಗೆಂಪಿನಲ್ಲಿ’ ಎಂಬ ಹಾಡು ಇ-ಫ್ಲ್ಯಾಟ್ ಮೇಜರ್‌ನಲ್ಲಿ ಶುರುವಾಗಿ ಎಲ್ಲೆಲ್ಲೋ ಅಲೆದು ಅಲ್ಲಿಗೇ ಬರುತ್ತದೆ.

ಕೇಳಲು ಕೂರುವ ಮುನ್ನ ಹೆಸರು ಓದುವ ಬಗೆ ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ‘ಸಿಂಫನಿ ನಂ. 5, ಸಿ ಮೈನರ್, ಓಪಸ್ 67, ಅಲೆಗ್ರೊ ಕಾನ್ ಬ್ರಿಯೊ’ ಅಂದರೆ ಬೀಥೋವನ್‌ನ ಐದನೇ ಸಿಂಫನಿ, ಮೂಲ ‘ಸ’ ಸಿ ಸ್ವರದಲ್ಲಿ, ಮೈನರ್ ಮೇಳ, ಪ್ರಕಟಣೆಯ ಲೆಕ್ಕದಲ್ಲಿ 67ನೇ ಕೃತಿ, ಈ ಮೂವ್‌ಮೆಂಟ್ ಚುರುಕಾಗಿ, ಹುರುಪಿನಿಂದ. ಮೊಜಾರ್ಟ್‌ನ ಕೃತಿಗಳ ಮುಂದಿನ ‘ಕೆ’ ಅಕ್ಷರ 1862ರಲ್ಲಿ ಪಟ್ಟಿ ಮಾಡಿದ ಕೆಶೆಲ್‌ದು. ಬಾಖ್‌ನ ಕೃತಿಪಟ್ಟಿಯ ಗುರುತು ಬಿ.ಡಬ್ಲ್ಯು.ವಿ. ಬೀಥೋವನ್‌ನ ಪಿಯಾನೊ ಸೊನಾಟಾ ಒಂದಕ್ಕೆ ಅಂಟಿದ ‘ಮೂನ್‌ಲೈಟ್’ ಥರದ ಅಡ್ಡಹೆಸರುಗಳನ್ನು ಜಾಸ್ತಿ ನಂಬಬೇಡಿ. ಆ ಹೆಸರು ಬಂದದ್ದು ಬೀಥೋವನ್ ತೀರಿಕೊಂಡ ಮೇಲೆ ಒಬ್ಬ ವಿಮರ್ಶಕನಿಂದ. ಕೀಯ ಹೆಸರು ಮಾತ್ರ ಬರೆದವನೇ ಕೊಟ್ಟದ್ದು. ಮೊಬೈಲಿನ ತಂಬೂರಿ ಆ್ಯಪ್‌ನಲ್ಲಿ ಆ ಶ್ರುತಿ ಇಟ್ಟು ಒಂದು ನಿಮಿಷ ಕೇಳಿ, ಆಮೇಲೆ ಆ್ಯಪ್ ನಿಲ್ಲಿಸಿ ಸಿಂಫನಿ ಹಾಕಿ.